ಆರು ದೇಶ ಬೇಡ, ಒಂದೇ ಊರು ಸಾಕು ಅನ್ನೋರಿಗೆ: ಪ್ರಾಗ್‌ಗೆ ನಾವೇ ಪ್ಲಾನ್ ಮಾಡ್ಕೊಂಡು ಹೋಗಿ ಬಂದಿದ್ದು

ಮೊದಲನೇ ಸಲ ಯೂರೋಪಿಗೆ ಹೊರಟೋರು ನಮ್ಮಲ್ಲಿ ಹಾಕೋ ಲೆಕ್ಕ ಏನಂದ್ರೆ, ಅಷ್ಟು ದುಡ್ಡು ಸುರಿದು ವೀಸಾ ಮಾಡಿಸಿ ಅಷ್ಟು ದೂರ ಹೋದ್ಮೇಲೆ ಐದಾರು ದೇಶನಾದ್ರೂ ಮುಗಿಸ್ಕೊಂಡೇ ಬರಬೇಕು ಅನ್ನೋದು. ಅದಕ್ಕೇ ಪ್ಯಾಕೇಜ್ ಟೂರ್‌ನಲ್ಲಿ ಅರ್ಧ ಯೂರೋಪನ್ನ ಬಸ್ಸಿನ ಕಿಟಕೀಲಿ ನೋಡಿ ಬರ್ತಾರೆ. ನಾನೂ ನಮ್ಮಕ್ಕನೂ ಅದು ಬೇಡ, ಒಂದೇ ಊರು, ಒಂದೇ ರೂಮು, ಸೂಟ್‌ಕೇಸ್ ಒಂದೇ ಸಲ ಬಿಚ್ಚೋದು ಅಂತ ತೀರ್ಮಾನ ಮಾಡಿ ಚೆಕ್ ದೇಶದ ರಾಜಧಾನಿ ಪ್ರಾಗ್ ಆರಿಸ್ಕೊಂಡ್ವಿ. ಗೈಡ್ ಇಲ್ಲದೆ ಮೊದಲ ಸಲ ಹೋಗೋರಿಗೆ ಇದಕ್ಕಿಂತ ಸಲೀಸಾದ ಹಳೇ ಊರು ನನಗಂತೂ ತೋಚಲ್ಲ. ಎರಡನೇ ಮಹಾಯುದ್ಧದಲ್ಲಿ ಬೇರೆ ಎಷ್ಟೋ ಊರುಗಳ ಹಾಗೆ ಇದು ನೆಲಸಮ ಆಗ್ಲಿಲ್ಲ, ಹಾಗಾಗಿ ಏಳೆಂಟು ನೂರು ವರ್ಷದ ಕಟ್ಟಡಗಳು ಬೀದಿ ಬೀದೀಲಿ ನಿಂತಿವೆ, 1992ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದೆ, ಅಲ್ಲದೆ ಮುಖ್ಯವಾದ್ದೆಲ್ಲಾ ನಡೆದು ನೋಡೋ ಅಷ್ಟು ದೂರದಲ್ಲೇ ಇದೆ.

ವೀಸಾದಿಂದ ಶುರು ಮಾಡೋಣ, ಯಾಕಂದ್ರೆ ಎಲ್ಲಾರ್ಗೂ ಭಯ ಇರೋದು ಅಲ್ಲೇ. ಷೆಂಗೆನ್ ವೀಸಾ, ಅಂದ್ರೆ ಯೂರೋಪಿನ ಬಹುಪಾಲು ದೇಶಗಳಿಗೆ ಒಟ್ಟಿಗೆ ಆಗೋ ವೀಸಾ ಬೇಕು, ನೀವು ಎಲ್ಲಿ ಜಾಸ್ತಿ ದಿನ ಉಳಿತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು, ಒಂದೇ ಊರು ಅಂದ್ರೆ ಇಲ್ಲೇ ತಲೆನೋವು ಅರ್ಧ ಕಮ್ಮಿ ಆಗುತ್ತೆ. ಹೊರಡೋ ದಿನಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೇ ಪಕ್ಷ 15 ದಿನ ಮುಂಚೆ ಅಂತ ನಿಯಮ ಇದೆ, ಆದ್ರೆ ಅದನ್ನ ನಂಬ್ಕೊಂಡು ಕೂರಬೇಡಿ, ಬೇಸಿಗೆ ರಜೆ ಹತ್ರ ಬಂತು ಅಂದ್ರೆ ಅಪಾಯಿಂಟ್‌ಮೆಂಟೇ ಸಿಗಲ್ಲ, ಎರಡು ಮೂರು ತಿಂಗಳು ಮುಂಚೆ ಮುಗಿಸ್ಕೊಳ್ಳಿ. ಫೀಸು ದೊಡ್ಡೋರಿಗೆ 90 ಯೂರೋ, ಮೇಲೆ ಸರ್ವಿಸ್ ಚಾರ್ಜ್ ಬೇರೆ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರೇಜ್ ಇರಬೇಕು. ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ವಾರದ ಹಿಂದೆ ದಿಢೀರ್ ಅಂತ ಬಂದು ಬಿದ್ದ ದೊಡ್ಡ ಮೊತ್ತ ಕಂಡ್ರೆ ಪ್ರಶ್ನೆ ಏಳುತ್ತೆ, ತಿಂಗಳು ತಿಂಗಳು ಸಂಬಳ ಬಂದು ಖರ್ಚಾಗಿ ಉಳಿದಿರೋದು ಕಾಣಿಸಿದ್ರೆ ಒಳ್ಳೇದು. ಹೋಟೆಲ್ ಬುಕ್ಕಿಂಗ್ ಕ್ಯಾನ್ಸಲ್ ಮಾಡೋ ಅವಕಾಶ ಇರೋದನ್ನೇ ಹಿಡೀರಿ. ಇನ್ನೊಂದು, ಈಗ ಗಡೀಲಿ ಸ್ಟ್ಯಾಂಪ್ ಬದಲು ಬೆರಳಚ್ಚು ಫೋಟೋ ತಗೊಳ್ಳೋ ಹೊಸ ಪದ್ಧತಿ ಬಂದಿದೆ, ಹಾಗಾಗಿ ಫ್ರಾಂಕ್‌ಫರ್ಟ್, ವಿಯೆನ್ನಾ ಥರ ಯೂರೋಪಿನ ಊರಲ್ಲೇ ವಿಮಾನ ಬದಲಾಯಿಸೋರು ಇಮಿಗ್ರೇಷನ್ ಅಲ್ಲೇ ಆಗುತ್ತೆ ಅನ್ನೋದು ನೆನಪಿಟ್ಕೊಂಡು ಕನೆಕ್ಷನ್‌ಗೆ ಟೈಮ್ ಬಿಟ್ಕೊಳ್ಳಿ. ದುಬೈ, ದೋಹಾ ಮೇಲೆ ಹೋದ್ರೆ ಪ್ರಾಗ್‌ನಲ್ಲೇ ನಿಧಾನಕ್ಕೆ ಮುಗಿಯುತ್ತೆ.

ದುಡ್ಡಿನ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಚೆಕ್ ದೇಶ ಯೂರೋಪಿಯನ್ ಯೂನಿಯನ್ ಒಳಗೇ ಇದ್ರೂ ಅಲ್ಲಿ ಯೂರೋ ಇಲ್ಲ, ಕೊರೂನಾ ಅಂತ ಅವರದ್ದೇ ದುಡ್ಡು. ಒಂದು ಕೊರೂನಾ ನಮ್ಮ ನಾಲ್ಕು ರೂಪಾಯಿ ಆಸುಪಾಸು ಅಂತ ಇಟ್ಕೊಂಡ್ರೆ ಮನಸಲ್ಲೇ ಗುಣಿಸ್ಕೊಬಹುದು. ಹಳೇ ಪೇಟೆ ತುಂಬಾ ಮನಿ ಎಕ್ಸ್‌ಚೇಂಜ್ ಅಂಗಡಿಗಳು, ಕಮಿಷನ್ ಇಲ್ಲ ಅಂತ ದೊಡ್ಡ ಬೋರ್ಡು, ಆದ್ರೆ ರೇಟಲ್ಲೇ ಕೆತ್ತಿರ್ತಾರೆ. 2019ರಿಂದ ಅಲ್ಲೊಂದು ಕಾನೂನಿದೆ, ಬದಲಾಯಿಸಿದ ಮೂರು ಗಂಟೆ ಒಳಗೆ ರಸೀದಿ ಹಿಡ್ಕೊಂಡು ಹೋದ್ರೆ ವ್ಯವಹಾರ ರದ್ದು ಮಾಡಿ ದುಡ್ಡು ವಾಪಸ್ ಕೊಡಲೇಬೇಕು, ಸಾವಿರ ಯೂರೋವರೆಗೂ ಇದು ಅನ್ವಯ. ಅಂಥಾ ಕಾನೂನು ಮಾಡೋ ಪರಿಸ್ಥಿತಿ ಬಂತು ಅಂದ್ರೆ ಎಷ್ಟು ಜನ ಟೋಪಿ ಹಾಕಿಸ್ಕೊಂಡಿರಬೇಕು ನೀವೇ ಯೋಚನೆ ಮಾಡಿ. ಬ್ಯಾಂಕಿನ ಎಟಿಎಂಲಿ ಸ್ವಲ್ಪ ಕ್ಯಾಶ್ ತಗೊಂಡು ಉಳಿದಿದ್ದಕ್ಕೆಲ್ಲಾ ಕಾರ್ಡ್ ಉಜ್ಜೋದೇ ವಾಸಿ. ಎಟಿಎಂ ಆಗ್ಲಿ ಅಂಗಡಿ ಮೆಷೀನ್ ಆಗ್ಲಿ "ರೂಪಾಯಿಲಿ ಕಟ್ಟಿಸ್ಕೊಳ್ಳಲಾ" ಅಂತ ಕೇಳಿದ್ರೆ ಬೇಡ ಅನ್ನಿ, ಕೊರೂನಾದಲ್ಲೇ ಇರಲಿ, ಆ ರೂಪಾಯಿ ರೇಟು ಯಾವಾಗ್ಲೂ ದುಬಾರಿ. ಫೋರೆಕ್ಸ್ ಕಾರ್ಡಲ್ಲಿ ಯೂರೋ ತುಂಬಿಸ್ಕೊಂಡು ಹೋದ್ರೆ ಎರಡು ಸಲ ಬದಲಾವಣೆ ಖರ್ಚು ಬೀಳುತ್ತೆ, ಬ್ಯಾಂಕಲ್ಲಿ ಮೊದಲೇ ಕೇಳ್ಕೊಳ್ಳಿ. ಜೇಬಲ್ಲಿ ಚಿಲ್ಲರೆ ಇರಲಿ, ಟಾಯ್ಲೆಟ್‌ಗೆ ಬೇಕಾಗುತ್ತೆ.

ಎಲ್ಲಿ ಉಳಿಯೋದು? ಹಳೇ ಪೇಟೆ ಚೌಕದ ಪಕ್ಕದಲ್ಲೇ ರೂಮ್ ಸಿಕ್ಕಿದ್ರೆ ಎಷ್ಟು ಚೆಂದ ಅನ್ಸುತ್ತೆ, ಆದ್ರೆ ಬಾಡಿಗೆ ಜಾಸ್ತಿ, ರಾತ್ರಿ ಪಬ್ಬಿಂದ ಬರೋರ ಗಲಾಟೆ, ಕಲ್ಲು ಹಾಸಿದ ಬೀದೀಲಿ ಸೂಟ್‌ಕೇಸ್ ಎಳೆಯೋ ಸುಖ ಬೇರೆ. ನಾವು ಉಳಿದಿದ್ದು ವಿನೊಹ್ರಾಡಿ ಅನ್ನೋ ಬಡಾವಣೇಲಿ, ನಾಮ್ಯೆಸ್ತಿ ಮೀರು ಮೆಟ್ರೋ ಸ್ಟೇಷನ್ ಹತ್ರ. ಮರಗಳ ಸಾಲು, ಬೇಕರಿ, ಸೂಪರ್ ಮಾರ್ಕೆಟ್, ಸಂಜೆ ನಾಯಿ ವಾಕಿಂಗ್ ಕರ್ಕೊಂಡು ಹೋಗೋ ಊರಿನ ಜನ. ಈ ಜಾಗದ ಅನುಕೂಲ ಏನಂದ್ರೆ ಮೆಟ್ರೋದ ಹಸಿರು ಲೈನು, ಅಂದ್ರೆ ಎ ಲೈನು ಇಲ್ಲೇ ಹಾದು ಹೋಗುತ್ತೆ, ಮೇಲೆ 22ನೇ ನಂಬರ್ ಟ್ರಾಮ್ ಇಲ್ಲಿಂದ ಸೀದಾ ಕೋಟೆಗೆ ಹೋಗುತ್ತೆ. ಏರ್‌ಪೋರ್ಟಿಂದ ಬರೋದೂ ಸುಲಭ, 59ನೇ ನಂಬರ್ ಟ್ರಾಲಿಬಸ್ ಹತ್ತಿ ನಾದ್ರಾಜಿ ವೆಲೆಸ್ಲಾವೀನ್‌ನಲ್ಲಿ ಇಳಿದು ಅದೇ ಹಸಿರು ಲೈನ್ ಹಿಡಿದ್ರೆ ಆಯ್ತು, ಟ್ಯಾಕ್ಸಿ ಮಾತೇ ಬೇಡ. ನಾಮ್ಯೆಸ್ತಿ ಮೀರುದ ಎಸ್ಕಲೇಟರ್ ಮಾತ್ರ ನೋಡಿ ತಲೆ ತಿರುಗುತ್ತೆ, 87 ಮೀಟರ್ ಉದ್ದ, ಎರಡು ನಿಮಿಷಕ್ಕಿಂತ ಜಾಸ್ತಿ ಸುಮ್ನೆ ನಿಂತ್ಕೊಂಡೇ ಇರಬೇಕು, ಸ್ಪೀಡೂ ನಮ್ಮ ಮಾಲ್‌ಗಳಿಗಿಂತ ಜಾಸ್ತಿ. ಸೀರೆ ಉಟ್ಟಿರೋ ಅಮ್ಮಂದಿರ ಜೊತೆ ಹೋಗೋರು ಲಿಫ್ಟ್ ಇರೋ ಸ್ಟೇಷನ್ ಯಾವುದು ಅಂತ ಮೊದಲೇ ನೋಡ್ಕೊಂಡು ರೂಮ್ ಬುಕ್ ಮಾಡಿ.

ಟಿಕೆಟ್ ಒಂದೇ, ಮೆಟ್ರೋ ಬಸ್ಸು ಟ್ರಾಮ್ ಮೂರಕ್ಕೂ ಆಗುತ್ತೆ, 24 ಗಂಟೆ, 72 ಗಂಟೆ ಪಾಸ್‌ಗಳೂ ಇವೆ. ಮೆಟ್ರೋಲಿ ಗೇಟ್ ಇರಲ್ಲ, ಕೇಳೋರು ಯಾರೂ ಕಾಣಲ್ಲ, ಅದೇ ಮೋಸ. ಪೇಪರ್ ಟಿಕೆಟ್ ತಗೊಂಡ್ರೆ ಮೊದಲ ಸಲ ಹತ್ತುವಾಗ ಹಳದಿ ಡಬ್ಬಿಗೆ ತೂರಿಸಿ ಟೈಮ್ ಮುದ್ರೆ ಹಾಕಿಸ್ಕೊಬೇಕು, ಹಾಕಿಸದೇ ಇರೋ ಟಿಕೆಟ್ ಜೇಬಲ್ಲಿ ಇದ್ರೂ ಒಂದೇ ಇಲ್ದಿದ್ರೂ ಒಂದೇ, ಮಾಮೂಲಿ ಬಟ್ಟೆ ಹಾಕ್ಕೊಂಡ ಚೆಕ್ಕಿಂಗ್‌ನೋರು ಬ್ಯಾಡ್ಜ್ ತೋರಿಸಿ ದಂಡ ಹಾಕ್ತಾರೆ, ನಮ್ಮ ಪಕ್ಕದಲ್ಲೇ ಇದ್ದ ಒಂದು ಜೋಡಿ ಹಾಗೆ ಸಿಕ್ಕಿಬಿತ್ತು. 65 ದಾಟಿದೋರಿಗೆ ಊರೊಳಗೆ ಓಡಾಟ ಫ್ರೀ, ವಯಸ್ಸು ತೋರಿಸೋಕೆ ಪಾಸ್‌ಪೋರ್ಟ್ ಜೊತೇಲಿರಲಿ.

ಈಗ ಊರು ನೋಡೋದು. ನನ್ನ ಸಲಹೆ ಒಂದೇ, ಪಟ್ಟಿ ಮಾಡ್ಬೇಡಿ, ಹೊಳೆ ನೋಡ್ಕೊಂಡು ಪ್ಲಾನ್ ಮಾಡಿ. ವ್ಲಟಾವಾ ನದಿ ಊರನ್ನ ಎರಡು ಭಾಗ ಮಾಡಿದೆ, ಆ ದಡದಲ್ಲಿ ಕೋಟೆ, ಈ ದಡದಲ್ಲಿ ಹಳೇ ಪೇಟೆ. ಒಂದು ದಿನ ಒಂದೇ ದಡ. ಇಷ್ಟು ಪಾಲಿಸಿದ್ರೆ ಕಾಲು ಉಳಿಯುತ್ತೆ. ನಾಲ್ಕೈದು ದಿನ ಇಟ್ಕೊಳ್ಳಿ, ಎರಡು ದಿನಕ್ಕೆ ಮುಗಿಸಬಹುದು ಅಂತ ಬರೆಯೋರು ಏನು ನೋಡಿರ್ತಾರೋ ನನಗೆ ಗೊತ್ತಿಲ್ಲ.

ಕೋಟೆ ದಿನ ಬೆಳಿಗ್ಗೆ 22ನೇ ಟ್ರಾಮ್‌ನಲ್ಲಿ ಕೋಟೆ ಸ್ಟಾಪಲ್ಲಿ ಇಳೀಬೇಡಿ, ಇನ್ನೂ ಮುಂದೆ ಪೊಹೊರ್ಜೆಲೆಟ್ಸ್‌ವರೆಗೂ ಹೋಗಿ. ಅದು ಗುಡ್ಡದ ಮೇಲ್ಭಾಗ, ಪಕ್ಕದಲ್ಲೇ ಸ್ತ್ರಾಹೋವ್ ಮಠ, ಅಲ್ಲಿಂದ ಊರಿಡೀ ಕೆಂಪು ಹೆಂಚು ಕಾಣುತ್ತೆ, ಅದಾದ್ಮೇಲೆ ಎಲ್ಲಾ ಇಳಿಜಾರೇ. ಎಷ್ಟೋ ಜನ ಕೆಳಗಿಂದ ಏದುಸಿರು ಬಿಟ್ಕೊಂಡು ಹತ್ತಿ ಬರ್ತಿರ್ತಾರೆ, ನೀವು ಆರಾಮಾಗಿ ಇಳ್ಕೊಂಡು ಹೋಗಬಹುದು. ಕೋಟೆ ಅಂಗಳಕ್ಕೆ ಟಿಕೆಟ್ ಬೇಡ, ಒಳಗಿನ ಕಟ್ಟಡಗಳಿಗೆ ಬೇಕು, ಆ ಟಿಕೆಟ್ ಎರಡು ದಿನ ನಡೆಯುತ್ತೆ. ಸೇಂಟ್ ವೀಟಸ್ ಚರ್ಚನ್ನ 1344ರಲ್ಲಿ ಶುರು ಮಾಡಿ ಮುಗಿಸಿದ್ದು 1929ರಲ್ಲಿ, ಹತ್ತಿರ ಹತ್ತಿರ ಆರುನೂರು ವರ್ಷ! ಬಣ್ಣದ ಗಾಜಿನ ಕಿಟಕಿಗಳಲ್ಲಿ ಎಡಗಡೆ ಚೆಕ್ ಕಲಾವಿದ ಅಲ್ಫೋನ್ಸ್ ಮುಖಾ ಮಾಡಿದ್ದೊಂದಿದೆ, ಬೆಳಿಗ್ಗೆ ಬಿಸಿಲಲ್ಲಿ ನೋಡಿ. ಭಾನುವಾರ ಬೆಳಿಗ್ಗೆ ಪೂಜೆ ಇರೋದ್ರಿಂದ ಮಧ್ಯಾಹ್ನದವರೆಗೂ ಪ್ರವಾಸಿಗಳಿಗೆ ಬಿಡಲ್ಲ. ಹಳೇ ಅರಮನೇಲಿ ಒಂದು ಕಿಟಕಿ ಇದೆ, 1618ರಲ್ಲಿ ದಂಗೆ ಎದ್ದೋರು ರಾಜನ ಕಡೆ ಅಧಿಕಾರಿಗಳನ್ನ ಅಲ್ಲಿಂದ ಹೊರಗೆ ಎಸೆದಿದ್ರು, ಬಿದ್ದೋರು ಬದುಕಿದ್ರು, ಆದ್ರೆ ಅದ್ರಿಂದ ಹೊತ್ತಿದ ಬೆಂಕಿ ಮೂವತ್ತು ವರ್ಷದ ಯುದ್ಧ ಆಗಿ ಮಧ್ಯ ಯೂರೋಪನ್ನೇ ಸುಟ್ಟಿತು. ಕಿಟಕಿ ನೋಡಿದ್ರೆ ಅಷ್ಟೆಲ್ಲಾ ಅನ್ಸಲ್ಲ, ಸಾಧಾರಣ ಕಿಟಕಿ. ನಾವು ಮಾತ್ರ ಅಲ್ಲಿ ತುಂಬಾ ಹೊತ್ತು ನಿಂತ್ವಿ.

ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಆರೂವರೆ ಒಳಗೆ ಹೋಗಿ, ಇದ್ರಲ್ಲಿ ಚೌಕಾಸಿ ಬೇಡ. ಹತ್ತು ಗಂಟೆ ಮೇಲೆ ಹೋದ್ರೆ ಜನರ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ, ಜೇಬುಗಳ್ಳರ ಕಾಟ ಬೇರೆ. ಇಲ್ಲಿನ ರಾಜ ನಾಲ್ಕನೇ ಚಾರ್ಲ್ಸ್ 1357ರಲ್ಲಿ ಅಡಿಗಲ್ಲು ಹಾಕಿದ ಸೇತುವೆ, 516 ಮೀಟರ್ ಉದ್ದ, ಎರಡೂ ಕಡೆ ಸೇರಿ 30 ವಿಗ್ರಹ ಗುಂಪುಗಳು. ಎಲ್ಲಕ್ಕಿಂತ ಹಳೇದು 1683ರ ನೆಪೊಮುಕ್ ಸಂತನದ್ದು, 1393ರಲ್ಲಿ ಆಗಿನ ರಾಜ ಆ ಪಾದ್ರಿಯನ್ನ ಇದೇ ಹೊಳೆಗೆ ಎಸೆಸಿದ್ದ. ಕೆಳಗಿನ ಹಿತ್ತಾಳೆ ಫಲಕ ಮುಟ್ಟಿ ಮುಟ್ಟಿ ಫಳಫಳ ಅಂತಿದೆ, ಅಕ್ಕನೂ ಮುಟ್ಟಿದ್ಲು, ಏನು ಕೇಳ್ಕೊಂಡ್ಲೋ ಹೇಳ್ಲಿಲ್ಲ.

ಹಳೇ ಪೇಟೆ ಚೌಕದ ಗಡಿಯಾರ, ಅದೇ 1410ರದ್ದು, ಗಂಟೆ ಹೊಡೆಯೋವಾಗ ಗೊಂಬೆಗಳು ಬಂದು ಹೋಗೋದಕ್ಕೆ ಒಂದು ನಿಮಿಷವೂ ಹಿಡಿಯಲ್ಲ. ಅದಕ್ಕೆ ಅರ್ಧ ಗಂಟೆ ಮುಂಚೆಯಿಂದ ಕಾಯೋರಿದ್ದಾರೆ. ಒಂದ್ಸಲ ನೋಡಿ ಮುಗಿಸಿ, ಆಮೇಲೆ ಗೋಪುರ ಹತ್ತಿ, ಲಿಫ್ಟ್ ಇದೆ. ಗೋಪುರದ ಪಕ್ಕ ನೆಲದಲ್ಲಿ 27 ಬಿಳೀ ಶಿಲುಬೆ ಗುರುತುಗಳಿವೆ, ಜನ ಗೊತ್ತಿಲ್ದೇ ತುಳ್ಕೊಂಡು ಹೋಗ್ತಾರೆ. ಆ 1618ರ ದಂಗೆ ಸೋತ ಮೇಲೆ 1621ರಲ್ಲಿ ಅಲ್ಲೇ 27 ಜನರಿಗೆ ಮರಣದಂಡನೆ ಆಯ್ತು, ಅವರ ಗುರುತು ಅದು. ಕೋಟೆ ಕಿಟಕಿ ನೋಡಿದ ಮಾರನೇ ದಿನ ಇದನ್ನ ನೋಡಿದ್ರೆ ಕಥೆ ಪೂರ್ತಿ ಆಗುತ್ತೆ.

ಅಲ್ಲಿಂದ ಐದು ನಿಮಿಷ ನಡೆದ್ರೆ ಯಹೂದಿಗಳ ಕೇರಿ, ಯೋಸೆಫೋವ್. ಅಲ್ಲಿನ ಸಿನಗಾಗ್‌ಗಳು, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರಗಳು ಶನಿವಾರ ಮುಚ್ಚಿರುತ್ತವೆ, ಯಹೂದಿ ಹಬ್ಬಗಳಲ್ಲೂ ಅಷ್ಟೇ, ದಿನ ನೋಡ್ಕೊಂಡು ಇಟ್ಕೊಳ್ಳಿ. ಪಿಂಕಾಸ್ ಸಿನಗಾಗ್‌ನ ಗೋಡೆ ತುಂಬಾ ನಾಜಿಗಳು ಕೊಂದ ಸುಮಾರು 80 ಸಾವಿರ ಜನರ ಹೆಸರು ಕೈಯಲ್ಲೇ ಬರೆದಿದ್ದಾರೆ, ಮಹಡಿ ಮೇಲೆ ತೆರೆಜಿನ್ ಸೆರೆಶಿಬಿರದಲ್ಲಿದ್ದ ಮಕ್ಕಳು ಬರೆದ ಚಿತ್ರಗಳು. ಇದನ್ನ ನೋಡಿದ ಮೇಲೆ ಬೇರೆ ಏನೂ ಇಟ್ಕೋಬೇಡಿ, ನದಿ ಕಡೆ ಹೋಗಿ ಕೂತ್ಕೊಳ್ಳಿ.

ನಮ್ಮೋರಿಗೆ ಅಂತಲೇ ಎರಡು ಜಾಗ ಹೇಳ್ತೀನಿ, ಟೂರ್‌ನೋರು ಕರ್ಕೊಂಡು ಹೋಗಲ್ಲ. ಒಂದು, ಲೆತ್ನಾ ಪಾರ್ಕ್ ಪಕ್ಕದ ನ್ಯಾಷನಲ್ ಟೆಕ್ನಿಕಲ್ ಮ್ಯೂಸಿಯಂ, ಸೋಮವಾರ ರಜೆ. ಹಳೇ ಕಾರು, ಬೈಕು, ಉಗಿಬಂಡಿ, ಮೇಲಿಂದ ನೇತು ಹಾಕಿರೋ ವಿಮಾನಗಳು ಎಲ್ಲಾ ಒಂದೇ ದೊಡ್ಡ ಹಾಲಲ್ಲಿ. ಜಾವಾ ಬೈಕ್ ಹುಟ್ಟಿದ್ದು ಇದೇ ಊರಲ್ಲಿ 1929ರಲ್ಲಿ, ಆಮೇಲೆ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರೀಲಿ ಜಾವಾ, ಯೆಜ್ಡಿ ಅಂತ ತಯಾರಾಗಿ 1996ರಲ್ಲಿ ನಿಂತುಹೋಯ್ತು, ಇದೆಲ್ಲಾ ಮೈಸೂರೋರಿಗೆ ನಾನು ಹೇಳ್ಬೇಕಾಗಿಲ್ಲ. ಇನ್ನೊಂದು ದೆಯ್ವಿತ್ಸೆ ಬಡಾವಣೇಲಿ ಟಾಗೋರರ ಹೆಸರಿನ ರಸ್ತೆ, ಅಲ್ಲೇ ಅವರ ಪ್ರತಿಮೆಯೂ ಇದೆ. ಅವರು 1921ರಲ್ಲಿ ಮತ್ತೆ 1926ರಲ್ಲಿ ಪ್ರಾಗ್‌ಗೆ ಬಂದಿದ್ರು. ಹಸಿರು ಲೈನ್‌ನಲ್ಲೇ ಬರುತ್ತೆ, ದಾರೀಲಿ ಇಳಿದು ನೋಡಿ.

ಊಟ. ಸಸ್ಯಾಹಾರಿಗಳು ಉಪವಾಸ ಇರಬೇಕಾಗಿಲ್ಲ, ಪ್ರಾಗ್‌ನಲ್ಲಿ ವೀಗನ್ ಹೋಟೆಲ್‌ಗಳು ಜಾಸ್ತೀನೇ ಇವೆ, ಇಂಡಿಯನ್ ಹೋಟೆಲ್‌ಗಳೂ ಇವೆ. ಅಲ್ಲಿನ ಮಾಮೂಲಿ ಹೋಟೆಲಲ್ಲಿ ಸ್ಮಾಜೆನೀ ಸೀರ್ ಕೇಳಿ, ದಪ್ಪ ಚೀಸ್ ತುಂಡನ್ನ ರಸ್ಕ್ ಪುಡೀಲಿ ಹೊರಳಿಸಿ ಕರಿದಿರ್ತಾರೆ, ಬಜ್ಜಿ ತಿನ್ನೋರಿಗೆ ಖಂಡಿತ ಇಷ್ಟ ಆಗುತ್ತೆ, ಮೊಟ್ಟೆ ಇರುತ್ತೆ ಅನ್ನೋದು ನೆನಪಿರಲಿ. ಆಲೂಗಡ್ಡೆ ದೋಸೆ ಥರದ ಬ್ರಾಂಬೊರಾಕ್‌ನಲ್ಲೂ ಮೊಟ್ಟೆ ಇದೆ. ಸೂಪ್ ಮಾತ್ರ ಕೇಳ್ದೇ ಕುಡೀಬೇಡಿ, ತರಕಾರಿ ಸೂಪ್ ಅಂದ್ರೂ ಮಾಂಸದ ಸಾರಲ್ಲಿ ಮಾಡಿರ್ತಾರೆ, "ಬೆಜ್ ಮಸಾ" (ಮಾಂಸ ಇಲ್ಲದೆ) ಅಂದ್ರೆ ಅರ್ಥ ಮಾಡ್ಕೊಂತಾರೆ. ಬೀದಿ ಬೀದೀಲಿ ಸುರುಳಿ ಬ್ರೆಡ್ಡಿಗೆ ಐಸ್‌ಕ್ರೀಮ್ ತುಂಬಿ ಮಾರೋ ಟ್ರಡೆಲ್ನಿಕ್ ಪ್ರಾಗ್‌ನ ಪುರಾತನ ತಿಂಡಿ ಅಂತ ಬೋರ್ಡ್ ಹಾಕಿರ್ತಾರೆ, ಅದು ಟೂರಿಸ್ಟ್‌ಗಳ ಜೊತೆ ಇತ್ತೀಚೆಗೆ ಬಂದಿದ್ದು, ಮಕ್ಕಳಿದ್ರೆ ಕೊಡ್ಸಿ ಅಷ್ಟೇ. ನಲ್ಲಿ ನೀರು ಧಾರಾಳವಾಗಿ ಕುಡೀಬಹುದು. ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ಹಿಡಿದ್ರೆ ಬೆಳಿಗ್ಗೆ ಉಪ್ಪಿಟ್ಟು ಕೆದಕಿ ಹೊರಡಬಹುದು, ರವೆ, ಅವಲಕ್ಕಿ, ಚಟ್ನಿಪುಡಿ ಒಯ್ಯಿ, ತುಪ್ಪ, ಪನೀರು ಬೇಡ, ಹಾಲಿನ ಪದಾರ್ಥ ಯೂರೋಪಿನೊಳಗೆ ಬಿಡಲ್ಲ.

ಒಂದು ದಿನ ಉಳಿದ್ರೆ ಮುಖ್ಯ ರೈಲ್ವೇ ಸ್ಟೇಷನ್‌ನಿಂದ ಸುಮಾರು ಒಂದು ಗಂಟೆ ದೂರದ ಕುಟ್ನಾ ಹೋರಾಕ್ಕೆ ಹೋಗಿ ಬನ್ನಿ. ಹಳೇ ಬೆಳ್ಳಿ ಗಣಿಯ ಊರು. ಸುಮಾರು 40 ಸಾವಿರ ಜನರ ಮೂಳೆಗಳನ್ನ ಜೋಡಿಸಿ ಅಲಂಕಾರ ಮಾಡಿರೋ ಸಣ್ಣ ಚರ್ಚ್ ಅಲ್ಲಿದೆ, ಫೋಟೋ ತೆಗೆಯೋ ಹಾಗಿಲ್ಲ. ಅಕ್ಕ ಒಳಗೇ ಬರ್ಲಿಲ್ಲ, ಹೊರಗೆ ಕಾಫಿ ಕುಡೀತಾ ಕೂತಿದ್ಲು, ಅದೂ ತಪ್ಪಲ್ಲ. ಊರಿನ ಇನ್ನೊಂದು ತುದೀಲಿರೋ ಸೇಂಟ್ ಬಾರ್ಬರಾ ಚರ್ಚು ಮಾತ್ರ ಇಬ್ಬರಿಗೂ ಇಷ್ಟ ಆಯ್ತು.

ಮೇ, ಜೂನ್, ಸೆಪ್ಟೆಂಬರ್ ಒಳ್ಳೇ ಕಾಲ. ಜೂನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತೆ, ಡಿಸೆಂಬರಲ್ಲಿ ಕ್ರಿಸ್‌ಮಸ್ ಸಂತೆ ಚೆಂದ, ಆದ್ರೆ ನಾಲ್ಕಕ್ಕೇ ಕತ್ತಲೆ. ಶೂ ಹೊಸದು ಹಾಕ್ಕೊಂಡು ಹೋಗ್ಬೇಡಿ, ಪಳಗಿದ್ದೇ ಇರಲಿ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರಲ್ಲ, ಅಡಾಪ್ಟರ್ ಬೇಕು. ಶಾಪಿಂಗ್ ಅಂದ್ರೆ ಬೊಹೀಮಿಯಾ ಗಾಜು, ಮರದ ಆಟದ ಸಾಮಾನು ತಗೊಳ್ಳಿ, ಎಲ್ಲಾ ಅಂಗಡೀಲಿ ಕಾಣೋ ಗೊಂಬೆಯೊಳಗೆ ಗೊಂಬೆ ರಷ್ಯಾದ್ದು. ಒಂದೇ ಅಂಗಡೀಲಿ ಒಂದೇ ದಿನ 2,000 ಕೊರೂನಾಗಿಂತ ಜಾಸ್ತಿ ಬಿಲ್ ಆದ್ರೆ ಟ್ಯಾಕ್ಸ್ ವಾಪಸಾತಿ ಫಾರಂ ಕೇಳಿ ಪಡ್ಕೊಳ್ಳಿ, ಅದಕ್ಕೆ ಕಸ್ಟಮ್ಸ್ ಮುದ್ರೆ ಬೇಕು, ಸಾಮಾನು ತೋರಿಸು ಅಂದ್ರೂ ಅನ್ನಬಹುದು, ಹಾಗಾಗಿ ಬ್ಯಾಗ್ ಚೆಕ್‌ಇನ್‌ಗೆ ಹಾಕೋ ಮುಂಚೆನೇ ಆ ಕೆಲಸ ಮುಗಿಸಿ.