ಅಲ್ಯುಮಿನಿಯಂ ಬುಷ್, ತಿರುಗುವ ಡೈ: ಮೂರನೇ ವಾರ

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಅಂದರೆ ಜಾಸ್ತಿ ಮರಳಿನ ಅಚ್ಚು, ಬೀಡು ಕಬ್ಬಿಣ. ನಾನು ಡೈ (ಲೋಹದ ಅಚ್ಚು) ತಿರುಗಿಸಿ ಅಲ್ಯುಮಿನಿಯಂ ಹೊಯ್ಯುತ್ತೇನೆ ಅಂದಾಗ ಪಕ್ಕದ ಶೆಡ್ಡಿನವರು ನಕ್ಕಿದ್ದರು. ಈ ವಾರ ಇನ್ನೊಂದು ಸಲ ನಕ್ಕರು.

ಜಾಬ್ ಇಷ್ಟೇ: ಎಲ್‌ಎಂ6 (ಸಿಲಿಕಾನ್ ಬೆರೆತ ಅಲ್ಯುಮಿನಿಯಂ) ಬುಷ್, ಅಂದರೆ ದಪ್ಪ ಗೋಡೆಯ ಕೊಳವೆ. ಹೊರಗೆ 120 ಮಿ.ಮೀ., ಒಳಗೆ 80, ಉದ್ದ 100. ಮರಳಿನಲ್ಲಾದರೆ ತೂತು ಬಿಡಲು ನಡುವೆ ಕೋರ್ ಬೇಕು, ಲೋಹ ಕುಗ್ಗಿದಾಗ ತುಂಬಿಕೊಡಲು ರೈಸರ್ ಬೇಕು. ಅಡ್ಡ ಮಲಗಿಸಿದ ಡೈ ಗಿರ್ರನೆ ತಿರುಗುತ್ತಿದ್ದರೆ ಎರಡೂ ಬೇಡ. ಲೋಹ ಗೋಡೆಗೆ ಅಂಟಿ ನಿಲ್ಲುತ್ತದೆ. ಗಾಳಿ ಗುಳ್ಳೆ ಹಗುರ, ಒಳಗಿನ ತೂತಿನ ಕಡೆ ಸರಿಯುತ್ತದೆ, ಆಮೇಲೆ ಲೇಥ್‌ನಲ್ಲಿ ಒಳಮೈ ಕೆತ್ತುವಾಗ (ಬೋರಿಂಗ್) ಹೋಗುತ್ತದೆ.

ಸೋಮವಾರ ಡೈಯನ್ನು 220 ಡಿಗ್ರಿಗೆ ಕಾಯಿಸಿ, ಲೋಹವನ್ನು 720ರಲ್ಲಿ ಹೊಯ್ದೆವು. ಡ್ರೈವ್ ಮೀಟರ್ 1100 ಆರ್‌ಪಿಎಂ ತೋರಿಸುತ್ತಿತ್ತು. ಡೈ ಗೋಡೆಯ ಹತ್ತಿರ ಸುಮಾರು 85 ಜಿ, ಅಂದರೆ ಗುರುತ್ವದ 85 ಪಟ್ಟು ಒತ್ತಡ, ಬೇಕಾದಷ್ಟಾಯಿತು. ಆದರೆ ಒಳಗಿಂದ ಪಟಪಟ ಸದ್ದು. ತೆಗೆದು ಬುಷ್ ಒಳಗೆ ಬೆರಳಾಡಿಸಿದರೆ ಹಾಗಲಕಾಯಿ ಸವರಿದ ಹಾಗೆ. ವೇಗ ಸಾಲದೆ ಲೋಹ ಮೇಲಿಂದ ಹನಿ ಹನಿಯಾಗಿ ಉದುರಿದೆ, ಮಳೆ ಬಂದ ಹಾಗೆ.

ಕುಲುಮೆ ನೋಡಿಕೊಳ್ಳುವ ಕಾಕಾ ಬೆಲ್ಟ್ ಮುಟ್ಟಿ ನೋಡಿದರು. “ಸಾಹೇಬ್ರ, ನಿಮ್ಮ ಮೀಟರ್ ಸುಳ್ಳ ಹೇಳ್ತೈತ್ರಿ. ಬೆಲ್ಟ್ ಸುಡಾಕತ್ತೈತಿ.” ಟ್ಯಾಕೋಮೀಟರ್ ಹಿಡಿದರೆ ಡೈ ತಿರುಗುತ್ತಿದ್ದದ್ದು 450! ಅಂದರೆ 14 ಜಿ. ಮೀಟರ್ ಹೇಳುವುದು ಮೋಟಾರಿನ ಲೆಕ್ಕ, ಡೈಯದ್ದಲ್ಲ. ಸುಮ್ನೆ ಎರಡೂವರೆ ಕಿಲೋ ಲೋಹ ಮತ್ತೆ ಮೂಸೆಗೆ ಹೋಯಿತು.

ಬುಧವಾರ ಹೊಸ ವಿ-ಬೆಲ್ಟ್ ಹಾಕಿದೆವು. ಉದುರುವುದು ನಿಂತಿತು, ಆದರೆ ತೂತು 64 ಮಿ.ಮೀ. ಬಂತು. ಬೋರಿಂಗ್‌ಗೆ ಲೋಹ ಉಳಿಯಲಿ ಅಂತ 80ರ ಬದಲು ಬೇಕಿದ್ದದ್ದು 72. ಇಲ್ಲಿ ತೂತಿನ ಅಳತೆ ಡೈಯಲ್ಲಿಲ್ಲ, ಹೊಯ್ಯುವ ತೂಕದಲ್ಲಿದೆ. ನಮ್ಮ ಡೈ ಒಳಗೆ 126 ಮಿ.ಮೀ., ಉದ್ದ 110. ಲೆಕ್ಕಕ್ಕೆ 2.45 ಕಿಲೋ ಸಾಕು. ಕಾಲು ಕಿಲೋ ಜಾಸ್ತಿ ಬಿದ್ದರೆ ತೂತು 8 ಮಿ.ಮೀ. ಸಣ್ಣದಾಗುತ್ತದೆ. ಸೌಟಿನ ಅಂದಾಜು ನಡೆಯೋದಿಲ್ಲ ಅಂತ ಈಗ ಕುಲುಮೆ ಪಕ್ಕ ತಕ್ಕಡಿ ಬಂದಿದೆ. ಸೌಟಿಗೆ ಹಿಡಿದುಕೊಂಡು ಉಳಿಯುವ ಲೋಹದ ಲೆಕ್ಕವನ್ನೂ ಕಾಕಾ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ.

ಇನ್ನೊಂದು ತಲೆನೋವು ಕಸ. ಗನ್‌ಮೆಟಲ್‌ನಲ್ಲಿ ಕಸ ಹಗುರ, ಗುಳ್ಳೆಯ ಜೊತೆ ಒಳಗೇ ಬರುತ್ತದೆ. ಅಲ್ಯುಮಿನಿಯಂ ಆಕ್ಸೈಡ್ ಕರಗಿದ ಲೋಹಕ್ಕಿಂತ ಭಾರ, ಹೊರಮೈಗೆ ಹೋಗಿ ಕೂರಬಹುದು. ಅದಕ್ಕೇ ಮೇಲಿನ ಕೆನೆ ತೆಗೆದು, ಸೌಟು ಬಗ್ಗಿಸಿ ನಿಧಾನ ಹೊಯ್ಯುವುದು. ಎತ್ತರದಿಂದ ಸುರಿದರೆ ಕೆಟ್ಟಿತು.

ಮಳೆಗಾಲ ಬೇರೆ. ಒದ್ದೆ ಇಂಗಾಟ್ (ಕರಗಿಸುವ ಲೋಹದ ಗಟ್ಟಿ) ಮೂಸೆಗೆ ಬಿದ್ದರೆ ಸಿಡಿಯುತ್ತದೆ. ಸಣ್ಣ ತೇವವೂ ಹೈಡ್ರೋಜನ್ ಆಗಿ ಲೋಹದೊಳಗೆ ಸೇರುತ್ತದೆ. ಕುಲುಮೆ ಮುಚ್ಚಳದ ಮೇಲೆ ಇಂಗಾಟ್ ಒಣಗಿಸಿ, ಆ ಅನಿಲ ಹೊರತೆಗೆಯುವ ಡಿಗ್ಯಾಸಿಂಗ್ ಗುಳಿಗೆ ತಳದವರೆಗೆ ಮುಳುಗಿಸುತ್ತಿದ್ದೇವೆ. ಅದರ ಹೊಗೆ ಗಂಟಲು ಕಚ್ಚುತ್ತದೆ. ಬಾಗಿಲು ತೆರೆದರೆ ಎರಚಲು, ಮುಚ್ಚಿದರೆ ಕೆಮ್ಮು. ತೆರೆದೇ ಇಟ್ಟೆವು.

ಶನಿವಾರದ್ದು ನಾಲ್ಕನೇ ಬುಷ್. ತೂತು 73. ಲೇಥ್‌ನಲ್ಲಿ ಒಳಗೆ 80ಕ್ಕೆ ಬೋರ್ ಮಾಡಿದ ಮೇಲೆ ಕನ್ನಡಿಯ ಹಾಗಿದೆ. ಮುಚ್ಚಳದ ಕಡೆಯ ತುದಿಯಲ್ಲಿ ಮಾತ್ರ ಸೂಜಿ ಮೊನೆಯಷ್ಟು ನಾಲ್ಕು ತೂತು ಉಳಿದಿವೆ. ಮುಚ್ಚಳ ತಣ್ಣಗಿತ್ತು ಅಂತ ನನ್ನ ಅನುಮಾನ. ಡೈಗೆ ಬಳಿದ ಕೋಟಿಂಗ್ ಒಣಗಿರಲಿಲ್ಲ ಅಂತ ಕಾಕಾ. ಸೋಮವಾರ ಎರಡನ್ನೂ ಸರಿಮಾಡಿ ಐದನೆಯದು ಹೊಯ್ಯುತ್ತೇವೆ.