ಅಜ್ಜಿ ಇಲ್ಲದ ಮೊಂತಿ ಹಬ್ಬ

ಅಜ್ಜಿ ತೀರಿಕೊಂಡ ಮೇಲೆ ಬಂದ ಮೊದಲ ಮೊಂತಿ ಹಬ್ಬ ಇದು. ಮಂಗಳೂರು ಕಡೆಯ ಕ್ಯಾಥೊಲಿಕರಿಗೆ ಸೆಪ್ಟೆಂಬರ್ 8 ಅಂದ್ರೆ ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ ಕೂಡ. ಅದಕ್ಕೂ ಮುಂಚೆ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಮಕ್ಕಳು ದಿನಾ ಹೂವು ತಗೊಂಡು ಚರ್ಚಿಗೆ ಹೋಗಬೇಕು. ಅಜ್ಜಿ ಬೆಳಗ್ಗೆನೇ ಅಂಗಳದ ಹೂವು ಕೊಯ್ದು ನಮ್ಮ ಬುಟ್ಟಿ ತುಂಬಿಸುತ್ತಿದ್ದರು. ಹೂವಿನ ಗಿಡ ಇಲ್ಲದ ಪಕ್ಕದ ಮನೆ ಮಕ್ಕಳಿಗೂ ಅದರಲ್ಲೇ ಪಾಲು.

ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಅಜ್ಜಿ ಒಂದೊಂದೇ ಭತ್ತದ ಕಾಳನ್ನು ಉಗುರಿನಿಂದ ಸುಲಿದು, ಪುಡಿ ಮಾಡಿ, ಹಾಲಿಗೆ ಬೆರೆಸುತ್ತಿದ್ದರು. ಎಲ್ಲರಿಗೂ ಒಂದೊಂದು ಗುಟುಕು. ಕುವೈತ್‌ನಲ್ಲಿರುವ ಮಾವನ ಹೆಸರು ಹೇಳಿ ಅವರ ಪಾಲನ್ನೂ ಎತ್ತಿಡುತ್ತಿದ್ದರು. ಆಮೇಲೆ ಬಾಳೆ ಎಲೆಯಲ್ಲಿ ಊಟ. ಅವತ್ತು ಮೀನು, ಮಾಂಸ ಇಲ್ಲ.

ಸಂಜೆ ಜಪಸರ ಹಿಡಿದು ಕೂತರೆ ಪ್ರಾರ್ಥನೆ ಬೇಗ ಮುಗಿಯುತ್ತಿರಲಿಲ್ಲ. ಪರೀಕ್ಷೆ ಬರೆಯುವವರು, ಆಸ್ಪತ್ರೆಯಲ್ಲಿರುವವರು, ಕಡಲಿಗೆ ಹೋದವರು, ಎಲ್ಲರಿಗೂ ಒಂದೊಂದು ‘ನಮೋ ಮರಿಯಾ’. ಚಿಕ್ಕವರಿದ್ದಾಗ ನಮಗೆ ನಿದ್ದೆ ಬರುತ್ತಿತ್ತು. ಈಗ ಅನಿಸುತ್ತೆ, ಇಷ್ಟೊಂದು ಜನರನ್ನು ದಿನಾ ನೆನಪಿಟ್ಟುಕೊಳ್ಳೋಕೆ ಎಷ್ಟು ದೊಡ್ಡ ಮನಸ್ಸು ಬೇಕು ಅಲ್ವಾ? ಕೊನೆಗೆ ನಾವು ಕೈಮುಗಿದು ಆಶೀರ್ವಾದ ಕೇಳುತ್ತಿದ್ದೆವು. ಅಜ್ಜಿ ತಲೆ ಮೇಲೆ ಕೈಯಿಟ್ಟು ಕೊಂಕಣಿಯಲ್ಲಿ ‘ದೇವ್ ಬರೆಂ ಕರುಂ’, ದೇವರು ಒಳ್ಳೇದು ಮಾಡಲಿ, ಅನ್ನುತ್ತಿದ್ದರು. ಗ್ಯಾಸ್ ಸಿಲಿಂಡರ್ ತರುವ ಹುಡುಗನಿಗೂ ಅದೇ ಮಾತು, ಅದೇ ಪ್ರೀತಿ.

ಈ ಸಲ ತೆನೆ ಸುಲಿಯೋದು ಅಮ್ಮ. ಮಾವನ ಪಾಲು ಎತ್ತಿಡೋಕೆ ಈಗಲೇ ಹೇಳಿಟ್ಟಿದ್ದೇನೆ.