ಸ್ಕಾಟ್ಲೆಂಡ್ ಸರ್ಕಾರ ಲೆಕ್ಕ ಒಪ್ಪಿಸುವುದು ಯಾರಿಗೆ?

ಸ್ಕಾಟ್ಲೆಂಡಿಗೆ ಅದರದೇ ಸರ್ಕಾರವಿದೆ ಎಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ: ‘ಹಾಗಾದರೆ ಅದು ಉತ್ತರ ಕೊಡಬೇಕಾದದ್ದು ಯಾರಿಗೆ? ಲಂಡನ್ನಿಗೋ, ಎಡಿನ್‌ಬರೋದಲ್ಲಿ ಕೂತ ಶಾಸಕರಿಗೋ?’

ಎಡಿನ್‌ಬರೋದ ಶಾಸಕರಿಗೆ. ರಕ್ಷಣೆ, ವಿದೇಶಾಂಗ, ವಲಸೆಯಂಥ ವಿಷಯಗಳು ಲಂಡನ್ನಿಗೆ ಎಂದು 1998ರ ಸ್ಕಾಟ್ಲೆಂಡ್ ಕಾಯ್ದೆ ಪಟ್ಟಿ ಮಾಡಿದೆ. ಪಟ್ಟಿಯಲ್ಲಿ ಇಲ್ಲದ ಆರೋಗ್ಯ, ಶಾಲೆ, ಪೊಲೀಸ್ ಎಲ್ಲವೂ ಎಡಿನ್‌ಬರೋದ ಹಾಲಿರೂಡ್‌ನಲ್ಲಿರುವ ಸ್ಕಾಟ್ಲೆಂಡ್ ಸಂಸತ್ತಿಗೆ ಸೇರಿದವು. ಹಣದ ದೊಡ್ಡ ಪಾಲು ಲಂಡನ್ನಿನ ಖಜಾನೆಯಿಂದ ಬರುತ್ತದೆ, ನಿಜ. ಆದರೆ ಅದನ್ನು ಹೇಗೆ ಖರ್ಚು ಮಾಡಿದಿರಿ ಎಂದು ಸಚಿವರನ್ನು ಕೇಳುವವರು ಹಾಲಿರೂಡ್‌ನ 129 ಶಾಸಕರು. ಸರ್ಕಾರದ ಮೇಲೆ ವಿಶ್ವಾಸವಿಲ್ಲ ಎಂದು ಅವರು ನಿರ್ಣಯಿಸಿದರೆ ಸರ್ಕಾರದ ಮುಖ್ಯಸ್ಥರಾದ ಫಸ್ಟ್ ಮಿನಿಸ್ಟರ್ ರಾಜೀನಾಮೆ ಕೊಡಲೇಬೇಕು.

ಟಿವಿಯಲ್ಲಿ ಕಾಣುವುದು ಗುರುವಾರ ಮಧ್ಯಾಹ್ನದ ಪ್ರಶ್ನೋತ್ತರ. ಅಲ್ಲಿ ಸದ್ದು ಹೆಚ್ಚು, ಸಿಗುವ ಮಾಹಿತಿ ಕಡಿಮೆ. ಹೆಚ್ಚು ಹೊರಬರುವುದು ಲಿಖಿತ ಪ್ರಶ್ನೆಗಳಿಂದ. ಅಧಿವೇಶನ ನಡೆಯುತ್ತಿರುವಾಗ ಸಾಮಾನ್ಯವಾಗಿ 10 ಕೆಲಸದ ದಿನಗಳೊಳಗೆ ಉತ್ತರ ಬರಬೇಕು. ಪ್ರಶ್ನೆ, ಉತ್ತರ ಎರಡೂ ಪ್ರಕಟವಾಗುತ್ತವೆ. ‘ಏನು ಕ್ರಮ ಕೈಗೊಂಡಿದ್ದೀರಿ’ ಎಂದು ಕೇಳಿದರೆ ‘ಹಲವು ಕ್ರಮ ಕೈಗೊಂಡಿದ್ದೇವೆ’ ಎಂಬ ಉತ್ತರವೇ ಬರುವುದು. ಯಾವ ತಿಂಗಳು, ಯಾವ ಆಸ್ಪತ್ರೆ, ಎಷ್ಟು ಪೌಂಡ್ ಎಂದು ಕೇಳಬೇಕು. ಆಗಲೂ ‘ಈ ಮಾಹಿತಿ ನಮ್ಮಲ್ಲಿ ಒಂದೇ ಕಡೆ ಇಲ್ಲ’ ಎಂದು ಜಾರಿಕೊಳ್ಳಬಹುದು. ಆಮೇಲಿನ ದಾರಿ, ಆಸ್ಪತ್ರೆಗಳನ್ನು ನಡೆಸುವ ಆಯಾ ಪ್ರದೇಶದ ಆರೋಗ್ಯ ಮಂಡಳಿಗೇ ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವುದು.

ಹಾಲಿರೂಡ್‌ನಲ್ಲಿ ಮೇಲ್ಮನೆ ಇಲ್ಲ. ಹಾಗಾಗಿ ಮಸೂದೆ ಪರಿಶೀಲನೆ, ನೀತಿಯ ತನಿಖೆ ಎರಡೂ ಸಮಿತಿಗಳ ತಲೆಗೆ ಬಿದ್ದಿವೆ. ಸಾಕ್ಷಿಗಳನ್ನು ಕರೆಸುವ, ಕಡತ ತರಿಸುವ ಅಧಿಕಾರವನ್ನು ಸ್ಕಾಟ್ಲೆಂಡ್ ಕಾಯ್ದೆಯ 23ನೇ ಸೆಕ್ಷನ್ ಕೊಟ್ಟಿದೆ. ಸಕಾರಣವಿಲ್ಲದೆ ತಪ್ಪಿಸಿಕೊಂಡವರಿಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು. ಕಾಗದದ ಮೇಲೆ ಇದು ಬಲವಾದದ್ದೇ. ಆದರೆ 129ರಲ್ಲಿ ಸಚಿವರನ್ನು ಕಳೆದರೆ ಉಳಿಯುವವರು ಎಷ್ಟು? ಒಬ್ಬೊಬ್ಬರು ಎರಡೆರಡು ಸಮಿತಿಯಲ್ಲಿ ಕೂರಬೇಕಾಗುತ್ತದೆ. ಯಾರು ಎಲ್ಲಿ ಎಂದು ತೀರ್ಮಾನಿಸುವುದು ಪಕ್ಷದ ನಾಯಕರು. ವಿಷಯ ಕೈಗೆ ಹತ್ತುವಷ್ಟರಲ್ಲಿ ಸದಸ್ಯರು ಬದಲಾಗಿರುತ್ತಾರೆ, ಹಳೆಯ ಶಿಫಾರಸು ಏನಾಯಿತು ಎಂದು ಕೇಳುವವರೇ ಇರುವುದಿಲ್ಲ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ದೊಡ್ಡ ಕೊರತೆ ಇದೇ.

ಲೆಕ್ಕಪರಿಶೋಧನೆ ಇದಕ್ಕಿಂತ ಗಟ್ಟಿ. ಭಾರತದಲ್ಲಿ ಕೇಂದ್ರಕ್ಕೂ ರಾಜ್ಯಗಳಿಗೂ ಒಬ್ಬರೇ ಸಿಎಜಿ. ಸ್ಕಾಟ್ಲೆಂಡಿಗೆ ಬೇರೆಯೇ ಆಡಿಟರ್ ಜನರಲ್ ಇದ್ದಾರೆ. ಅವರ ವರದಿಗಳನ್ನು ಹಾಲಿರೂಡ್‌ನ ಸಾರ್ವಜನಿಕ ಲೆಕ್ಕಪರಿಶೋಧನಾ ಸಮಿತಿ ಎತ್ತಿಕೊಂಡು ವಿಚಾರಣೆ ನಡೆಸುತ್ತದೆ.

ಎರಡು ದೋಣಿಗಳ ಪ್ರಕರಣ ನೋಡಿ. ದ್ವೀಪಗಳಿಗೆ ಜನ, ವಾಹನ ಸಾಗಿಸುವ ಎರಡು ಫೆರ್ರಿ ಕಟ್ಟಲು 2015ರ ಅಕ್ಟೋಬರ್‌ನಲ್ಲಿ ಫರ್ಗುಸನ್ ಮರೀನ್ ಹಡಗುಕಟ್ಟೆಗೆ 97 ಮಿಲಿಯನ್ ಪೌಂಡ್ ಗುತ್ತಿಗೆ ಸಿಕ್ಕಿತು. ಕೆಲಸ ಕೆಟ್ಟರೆ ಕೊಟ್ಟ ಹಣ ಪೂರ್ತಿ ವಾಪಸ್ ಬರುತ್ತದೆ ಎಂಬ ಖಾತರಿ ಇರಲಿಲ್ಲ. ದೋಣಿಗಳನ್ನು ಕೊಳ್ಳುತ್ತಿದ್ದ ಸರ್ಕಾರಿ ಸಂಸ್ಥೆ ಈ ಬಗ್ಗೆ ಮೊದಲೇ ಆತಂಕ ತೋಡಿಕೊಂಡಿತ್ತು. ಹಾಗಿದ್ದೂ ಸಚಿವರು ಯಾಕೆ ಒಪ್ಪಿದರು? ಅದನ್ನು ವಿವರಿಸುವಷ್ಟು ದಾಖಲೆ ಇಲ್ಲ ಎಂದು 2022ರ ಮಾರ್ಚ್‌ನಲ್ಲಿ ಆಡಿಟರ್ ಜನರಲ್ ಬರೆದರು. ಮೇ ತಿಂಗಳಲ್ಲಿ ಒಂದು ಇಮೇಲ್ ಸಿಕ್ಕಿತು. ಸಾರಿಗೆ ಸಚಿವರು ಒಪ್ಪಿದ್ದರು ಎಂಬುದು ಅದರಲ್ಲಿತ್ತು, ಕಾರಣ ಇರಲಿಲ್ಲ. ಮೊದಲ ದೋಣಿ ‘ಗ್ಲೆನ್ ಸ್ಯಾನಾಕ್ಸ್’ ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2025ರ ಜನವರಿಯಲ್ಲಿ. ಸಮಿತಿ ಎಷ್ಟೇ ಪಟ್ಟು ಹಿಡಿದರೂ, ತೀರ್ಮಾನವಾದ ದಿನ ಯಾರೂ ಬರೆದಿಡದ ಕಾರಣವನ್ನು ಆರು ವರ್ಷದ ಮೇಲೆ ಹುಡುಕಿ ತೆಗೆಯಲಾಗುವುದಿಲ್ಲ. ಅದಕ್ಕೇ ಶಾಸಕರು ಕಡತವನ್ನು ಕೇಳಬೇಕಾದದ್ದು ಗುತ್ತಿಗೆಗೆ ಸಹಿ ಬಿದ್ದ ವರ್ಷವೇ, ಕೆಲಸ ಹದಗೆಟ್ಟ ಮೇಲಲ್ಲ.

ಅಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯ ಪ್ರಜೆಗಳೂ ಮತದಾರರ ಪಟ್ಟಿಗೆ ಹೆಸರು ಸೇರಿಸಿ ಹಾಲಿರೂಡ್ ಚುನಾವಣೆಯಲ್ಲಿ ಮತ ಹಾಕಬಹುದು. ಪ್ರತಿಯೊಬ್ಬರಿಗೂ ಎಂಟು ಶಾಸಕರಿದ್ದಾರೆ: ಕ್ಷೇತ್ರಕ್ಕೆ ಒಬ್ಬರು, ಹಲವು ಕ್ಷೇತ್ರ ಸೇರಿದ ಪ್ರದೇಶಕ್ಕೆ ಪಕ್ಷಗಳ ಪಟ್ಟಿಯಿಂದ ಆಯ್ಕೆಯಾದ ಏಳು ಮಂದಿ. ಒಬ್ಬರು ಉತ್ತರಿಸದಿದ್ದರೆ ಇನ್ನೊಬ್ಬರಿಗೆ, ಅದರಲ್ಲೂ ವಿರೋಧ ಪಕ್ಷದವರಿಗೆ ಬರೆದು, ನಿಮ್ಮ ಪ್ರಶ್ನೆಯನ್ನು ಲಿಖಿತ ಪ್ರಶ್ನೆಯಾಗಿ ಹಾಕಲು ಕೇಳಿ.